ಹಸಿರು ಚುಕ್ಕೆಯ ಕೆಳಗಿನ ಶಾಲೆ: ನ್ಯೂ ಆರ್ಲಿಯನ್ಸ್‌ನ ಬ್ರಾಡ್‌ಮೂರ್ ಪ್ರಕರಣ

2006ರ ಜನವರಿ 11ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಪತ್ರಿಕೆ ಟೈಮ್ಸ್-ಪಿಕಾಯೂನ್‌ನಲ್ಲಿ ಒಂದು ನಕಾಶೆ ಅಚ್ಚಾಯಿತು. ಕತ್ರಿನಾ ಚಂಡಮಾರುತ ಹೊಡೆದು ಆಗಿನ್ನೂ ನಾಲ್ಕೂವರೆ ತಿಂಗಳು. ಕಾಲುವೆಗಳ ಗೋಡೆ ಒಡೆದು ಊರಿನ ಮುಕ್ಕಾಲು ಪಾಲಿಗಿಂತ ಜಾಸ್ತಿ ಜಾಗ ಮುಳುಗಿತ್ತು. ಜನ ಹ್ಯೂಸ್ಟನ್, ಅಟ್ಲಾಂಟಾ, ಬ್ಯಾಟನ್ ರೂಜ್ ಅಂತ ಸಿಕ್ಕ ಸಿಕ್ಕ ಕಡೆ ಚದುರಿಹೋಗಿದ್ದರು. ಊರನ್ನು ಮತ್ತೆ ಕಟ್ಟುವುದು ಹೇಗೆ ಅಂತ ಹೇಳಲು ಮೇಯರ್ ರೇ ನೇಗಿನ್ ಒಂದು ಆಯೋಗ ಮಾಡಿದ್ದರು. ಆ ಆಯೋಗದ ನಕಾಶೆ ಇದು. ಅದರಲ್ಲಿ ಕೆಲವು ತಗ್ಗು ಪ್ರದೇಶಗಳ ಮೇಲೆ ದೊಡ್ಡ ದೊಡ್ಡ ಹಸಿರು ಚುಕ್ಕೆ ಇಟ್ಟಿದ್ದರು. ಇಲ್ಲಿ ಮುಂದೆ ಪಾರ್ಕು, ಬಯಲು ಬರಬಹುದು ಅಂತ ಅದರ ಅರ್ಥ. ಅಂಥದ್ದೊಂದು ಚುಕ್ಕೆ ಬ್ರಾಡ್‌ಮೂರ್ ಅನ್ನುವ ಬಡಾವಣೆಯ ಮೇಲೆ ಕೂತಿತ್ತು. ಅಲ್ಲಿ ಸುಮಾರು 7 ಸಾವಿರ ಜನರ ಮನೆಗಳಿದ್ದವು.

ಆಯೋಗ ಸೀದಾ 'ಖಾಲಿ ಮಾಡಿ' ಅನ್ನಲಿಲ್ಲ. ನಾಲ್ಕು ತಿಂಗಳು ಟೈಮ್ ಕೊಡುತ್ತೇವೆ, ಅಷ್ಟರಲ್ಲಿ ಸಾಕಷ್ಟು ಜನ ವಾಪಸ್ ಬರುತ್ತಾರೆ ಅಂತ ನೀವೇ ತೋರಿಸಿ, ಆಮೇಲೆ ನೋಡೋಣ ಅಂದಿತು. ಮನೆಗೆ ಕರೆಂಟ್ ಇಲ್ಲ, ಗೋಡೆ ತುಂಬ ಬೂಷ್ಟು, ಇನ್ಶೂರೆನ್ಸ್ ಹಣ ಬಂದಿಲ್ಲ. ಅಂಥವರ ಮೇಲೆ ಸಾಬೀತು ಮಾಡುವ ಹೊರೆ! ಮುಳುಗಿದವನೇ ತಾನು ಬದುಕಿದ್ದೇನೆ ಅಂತ ಸರ್ಟಿಫಿಕೇಟ್ ತರಬೇಕಿತ್ತು.

ಬ್ರಾಡ್‌ಮೂರ್‌ನವರು ಅದನ್ನು ತಂದರು. ಹೋರಾಡುತ್ತ ಒಂದು ಶಾಲೆಯನ್ನೂ ತೆರೆದರು. ಎಂಟು ವರ್ಷಕ್ಕೆ ಆ ಶಾಲೆ ಅವರ ಕೈ ಬಿಟ್ಟುಹೋಯಿತು. ಈ ಎರಡೂ ಹೇಗಾಯಿತು ಅನ್ನುವುದೇ ಇಲ್ಲಿ ನೋಡಬೇಕಾದ ವಿಷಯ. ನಿವಾಸಿಗಳು ಚಾರ್ಟರ್ ಶಾಲೆ, ಅಂದರೆ ಸರಕಾರದ ಹಣದಲ್ಲಿ ಹೊರಗಿನ ಮಂಡಳಿಯೊಂದು ಕರಾರಿನ ಮೇಲೆ ನಡೆಸುವ ಶಾಲೆ, ತೆರೆದ ಕಥೆಗಳು ಸಾಮಾನ್ಯವಾಗಿ ರಿಬ್ಬನ್ ಕತ್ತರಿಸುವಲ್ಲಿಗೆ ಮುಗಿದುಬಿಡುತ್ತವೆ. ನನ್ನ ಪ್ರಕಾರ ನಿಜವಾದ ಪ್ರಕರಣ ಶುರುವಾಗುವುದೇ ಅಲ್ಲಿಂದ.

ತಟ್ಟೆಯಂಥ ಜಾಗ, ಎತ್ತರದ ಮನೆಗಳು

ಬ್ರಾಡ್‌ಮೂರ್ ಊರಿನ ನಡುಮಧ್ಯದಲ್ಲಿದೆ. ಹಿಂದೆ ಇಲ್ಲಿ ಜೌಗು ಇತ್ತು, ಮಳೆಗಾಲದಲ್ಲಿ ಕೆರೆಯೇ ಆಗುತ್ತಿತ್ತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಭಾರಿ ಪಂಪುಗಳು ಬಂದ ಮೇಲೆ ನೀರು ಹೊರಹಾಕಿ ಬಡಾವಣೆ ಕಟ್ಟಿದರು. ನೀರಿನ ಭಯ ಮಾತ್ರ ಕಟ್ಟಿದವರಿಗೆ ಇದ್ದೇ ಇತ್ತು. ಇಲ್ಲಿಯ ಎಷ್ಟೋ ಹಳೆಯ ಮನೆಗಳಲ್ಲಿ ವಾಸದ ಅಂತಸ್ತು ನೆಲದಿಂದ ಒಂದಾಳು ಎತ್ತರದಲ್ಲಿರುತ್ತದೆ. ರಸ್ತೆಯಿಂದ ಮೆಟ್ಟಿಲು ಹತ್ತಿ ಜಗಲಿಗೆ ಹೋಗಬೇಕು. ಕೆಳಗಿನ ಜಾಗವನ್ನು ಅಲ್ಲಿಯವರು ಬೇಸ್‌ಮೆಂಟ್ ಅನ್ನುತ್ತಾರೆ, ನೆಲದ ಮೇಲೇ ಇದ್ದರೂ. ಹಳೆ ಸಾಮಾನು, ಬಟ್ಟೆ ಒಗೆಯುವ ಮೆಷಿನ್, ಕೆಲವು ಕಡೆ ಬಾಡಿಗೆಗೊಂದು ಕೋಣೆ, ಎಲ್ಲ ಅಲ್ಲೇ.

2005ರಲ್ಲಿ ಆ ಬೇಸ್‌ಮೆಂಟ್‌ಗಳು ಪೂರ್ತಿ ಮುಳುಗಿದವು. ನೀರು ವಾರಗಟ್ಟಲೆ ನಿಂತು, ಇಳಿದಾಗ ಎಲ್ಲ ಮನೆಗೂ ಒಂದೇ ಎತ್ತರದಲ್ಲಿ ಕಂದು ಗೆರೆ ಬಿಟ್ಟುಹೋಯಿತು. ಎತ್ತರದ ಮನೆಗಳಲ್ಲಿ ಆ ಗೆರೆ ಮೇಲಿನ ಅಂತಸ್ತಿನ ಅಂಚಿಗೆ ಬಂದಿತ್ತು. ನೆಲಮಟ್ಟದ ಮನೆಗಳಲ್ಲಿ ಅದೇ ಗೆರೆ ಕಿಟಕಿಯನ್ನೂ ದಾಟಿತ್ತು. ಈ ವ್ಯತ್ಯಾಸ ಮುಂದೆ ತುಂಬ ಮುಖ್ಯವಾಯಿತು. ಬಡಾವಣೆಯ ಒಂದು ಪಾಲಿನ ಮನೆಗಳನ್ನು ಒಡೆಯಬೇಕಾಗಿರಲಿಲ್ಲ, ತೊಳೆದು ದುರಸ್ತಿ ಮಾಡಿದರೆ ಸಾಕಿತ್ತು. ನಕಾಶೆ ಬರೆದವರಿಗೆ ಮೇಲಿನಿಂದ ಕಂಡಿದ್ದು ತಗ್ಗು ಪ್ರದೇಶ ಮಾತ್ರ.

ಜನರಲ್ಲೂ ಎರಡು ಮಟ್ಟ ಇತ್ತು. ಮೂರರಲ್ಲಿ ಎರಡು ಪಾಲು ಕಪ್ಪು ಜನಾಂಗದವರು. ಕೆಲವು ಬೀದಿಗಳಲ್ಲಿ ವಕೀಲರು, ಪ್ರೊಫೆಸರುಗಳು. ನಾಲ್ಕು ಬೀದಿ ಆಚೆ ಬಾಡಿಗೆ ಮನೆಯಲ್ಲಿ ಹೋಟೆಲ್ ಕೆಲಸಕ್ಕೆ ಹೋಗುವವರು. ಅನುಕೂಲಸ್ಥರ ಮಕ್ಕಳು ಹೆಚ್ಚಾಗಿ ಖಾಸಗಿ ಶಾಲೆಗೋ ಕ್ಯಾಥೊಲಿಕ್ ಶಾಲೆಗೋ ಹೋಗುತ್ತಿದ್ದರು. ಬಡಾವಣೆಯ ಸರಕಾರಿ ಶಾಲೆ ಆಂಡ್ರ್ಯೂ ಎಚ್. ವಿಲ್ಸನ್‌ಗೆ ಹೋಗುತ್ತಿದ್ದವರು ಉಳಿದವರ ಮಕ್ಕಳು. ಜನರಲ್ ಪರ್ಷಿಂಗ್ ಬೀದಿಯಲ್ಲಿ ಹಳೆಯ ಇಟ್ಟಿಗೆ ಕಟ್ಟಡ ಅದರದು. ಅಲ್ಲಿಯ ಮಕ್ಕಳ ಪರೀಕ್ಷೆ ಅಂಕಗಳು ಕತ್ರಿನಾಗೆ ಮುಂಚೆಯೇ ಕೆಳಗಿದ್ದವು.

ನಕಾಶೆ ಬಂದ ಕೆಲವೇ ದಿನಕ್ಕೆ ರಸ್ತೆ ನಡುವಿನ ಹುಲ್ಲುಪಟ್ಟಿಯ ಮೇಲೆ ನೂರಾರು ಜನ ಸೇರಿದರು. ಬೇರೆ ಊರಿನಿಂದ ಕಾರು ಓಡಿಸಿಕೊಂಡು ಬಂದವರೂ ಇದ್ದರು. 'ಬ್ರಾಡ್‌ಮೂರ್ ಲಿವ್ಸ್' ಅನ್ನುವ ಬೋರ್ಡು ಮನೆ ಮನೆ ಮುಂದೆ ಎದ್ದಿತು. ಮುಂದೆ ನಿಂತದ್ದು ಬ್ರಾಡ್‌ಮೂರ್ ಇಂಪ್ರೂವ್‌ಮೆಂಟ್ ಅಸೋಸಿಯೇಷನ್, ಅಂದರೆ ಬಡಾವಣೆಯ ನಿವಾಸಿಗಳ ಸಂಘ. ಅದರ ಅಧ್ಯಕ್ಷೆ ಲಟೋಯಾ ಕ್ಯಾಂಟ್ರೆಲ್. ಲಾಸ್ ಏಂಜಲೀಸ್‌ನಿಂದ ಕಾಲೇಜಿಗೆ ಬಂದು ಇಲ್ಲೇ ಮನೆ ಮಾಡಿಕೊಂಡವರು. 2018ರಲ್ಲಿ ಅವರು ಆ ಊರಿನ ಮೊದಲ ಮಹಿಳಾ ಮೇಯರ್ ಆದರು. ಆದರೆ ಆಗಿನ್ನೂ ಅವರ ಕೈಯಲ್ಲಿ ಇದ್ದದ್ದು ಇಮೇಲ್ ಪಟ್ಟಿ ಮತ್ತು ಕೂತು ಮಾತಾಡಲು ಚರ್ಚ್ ಪಕ್ಕದ ಒಂದು ಟ್ರೇಲರ್, ಅಷ್ಟೇ.

ಸಂಘದ ಮೊದಲ ಬುದ್ಧಿವಂತಿಕೆ ಕೂಗಾಟವನ್ನು ಅಲ್ಲಿಗೇ ನಿಲ್ಲಿಸಿ ಲೆಕ್ಕಕ್ಕೆ ಇಳಿದದ್ದು. ಬೀದಿಗೊಬ್ಬರು ಮುಖ್ಯಸ್ಥರನ್ನು ನೇಮಿಸಿದರು. ಯಾವ ಮನೆಯವರು ಎಲ್ಲಿದ್ದಾರೆ, ವಾಪಸ್ ಬರ್ತಾರಾ, ಯಾವಾಗ, ದುರಸ್ತಿ ಎಲ್ಲಿಗೆ ಬಂತು, ಫೋನ್ ನಂಬರ್ ಏನು ಎಂದು ಮನೆಯಿಂದ ಮನೆಗೆ ಹೋಗಿ ಪಟ್ಟಿ ಮಾಡಿದರು. ನಗರಸಭೆಯ ಹತ್ತಿರವೂ ಇಲ್ಲದ ಮಾಹಿತಿ ಇವರ ಹತ್ತಿರ ಇತ್ತು. ಹಾರ್ವರ್ಡ್‌ನ ಕೆನಡಿ ಸ್ಕೂಲ್‌ನಿಂದ ಡಗ್ ಅಹ್ಲರ್ಸ್ ಎಂಬವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದರು. ಬಾರ್ಡ್ ಕಾಲೇಜಿನ ಹುಡುಗ ಹುಡುಗಿಯರೂ ಬಂದರು. ಅವರು ನಕ್ಷೆ ತಯಾರಿಸಿ ಕೊಟ್ಟರು, ಅಂಕಿ ಅಂಶ ಜೋಡಿಸಿದರು. ತೀರ್ಮಾನ ಮಾತ್ರ ನಿವಾಸಿಗಳ ಸಭೆಯದೇ ಆಗಿತ್ತು. 2006ರ ಜುಲೈ ಹೊತ್ತಿಗೆ ಬಡಾವಣೆಯದೇ ಒಂದು ಪೂರ್ತಿ ಯೋಜನೆ ಸಿದ್ಧವಾಯಿತು. ಹೊರಗಿನ ದೊಡ್ಡ ಹೆಸರಿನವರು ಬಂದರೆ ಊರವರು ಬದಿಗೆ ಸರಿಯುವುದು ಎಲ್ಲ ಕಡೆ ಇರುವ ಕಾಯಿಲೆ. ಇಲ್ಲಿ ಹಾಗಾಗಲಿಲ್ಲ.

ಶಾಲೆ ಯಾಕೆ ಬೇಕಾಯಿತು

ಯೋಜನೆಯ ನಡುಮಧ್ಯೆ ಇದ್ದದ್ದು ವಿಲ್ಸನ್ ಶಾಲೆ. ಹತ್ತಿರದಲ್ಲೇ ಮುಳುಗಿಹೋಗಿದ್ದ ರೋಸಾ ಎಫ್. ಕೆಲ್ಲರ್ ಗ್ರಂಥಾಲಯ. ಎರಡನ್ನೂ, ಜೊತೆಗೊಂದು ಸಮುದಾಯ ಭವನವನ್ನೂ ಸೇರಿಸಿ ಒಂದು 'ಶಿಕ್ಷಣ ಕಾರಿಡಾರ್' ಮಾಡುವುದು ಅವರ ಆಸೆ.

ಮನೆ ರಿಪೇರಿಯೇ ಆಗದಿರುವಾಗ ಶಾಲೆಯ ಚಿಂತೆ ಯಾಕೆ ಅನಿಸಬಹುದು. ಸಂಘದವರ ಪಟ್ಟಿಯೇ ಅದಕ್ಕೆ ಉತ್ತರ. ಮಕ್ಕಳಿರುವ ಮನೆಯವರು ಕೇಳುತ್ತಿದ್ದ ಮೊದಲ ಪ್ರಶ್ನೆ ಶಾಲೆ ಎಲ್ಲಿದೆ ಅನ್ನುವುದು. ಹ್ಯೂಸ್ಟನ್‌ನಲ್ಲಿ ಮಗು ಒಂದು ಶಾಲೆಗೆ ಸೇರಿಬಿಟ್ಟಿದೆ. ಅದನ್ನು ಬಿಡಿಸಿ ಕರೆತರಬೇಕಾದರೆ ಇಲ್ಲೊಂದು ಶಾಲೆ ಇರಬೇಕು. ಅಧಿಕಾರಿಗಳ ಲೆಕ್ಕ ಇದಕ್ಕೆ ಉಲ್ಟಾ. ಮಕ್ಕಳು ಬರಲಿ, ಆಮೇಲೆ ಶಾಲೆ ತೆರೆಯುತ್ತೇವೆ ಅಂತ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅಂತಾರಲ್ಲ, ಥೇಟ್ ಹಾಗೆ.

ಇದು ಬರೀ ವಾದವೂ ಆಗಿರಲಿಲ್ಲ. 2007ರ ಜನವರಿಯಲ್ಲಿ ಊರಿಗೆ ಮರಳಿದ ಸುಮಾರು 300 ಮಕ್ಕಳಿಗೆ ಸೀಟಿಲ್ಲ ಅಂತ ಹೇಳಿ ವೇಯ್ಟಿಂಗ್ ಲಿಸ್ಟ್‌ಗೆ ಹಾಕಿದ್ದರು. ಸರಕಾರಿ ಶಾಲೆಗೆ ವೇಯ್ಟಿಂಗ್ ಲಿಸ್ಟ್! ವಿಷಯ ಕೋರ್ಟಿಗೂ ಹೋಯಿತು.

ಅಷ್ಟರಲ್ಲಿ ಶಾಲೆಗಳ ಯಜಮಾನಿಕೆಯೇ ಬದಲಾಗಿತ್ತು. ಊರಿನ ಸರಕಾರಿ ಶಾಲೆಗಳನ್ನು ನಡೆಸುತ್ತಿದ್ದದ್ದು ಚುನಾಯಿತ ಆರ್ಲಿಯನ್ಸ್ ಪ್ಯಾರಿಷ್ ಸ್ಕೂಲ್ ಬೋರ್ಡ್. ಅದರ ಹೆಸರು ಮೊದಲೇ ಕೆಟ್ಟಿತ್ತು. ಸಾಲ, ಭ್ರಷ್ಟಾಚಾರ, ಸೋರುವ ಕಟ್ಟಡ, ಒಬ್ಬರ ಹಿಂದೊಬ್ಬರಂತೆ ಬಂದು ಹೋಗುವ ಸೂಪರಿಂಟೆಂಡೆಂಟ್‌ಗಳು. ನಪಾಸಾದ ಶಾಲೆಗಳನ್ನು ವಶಕ್ಕೆ ತೆಗೆದುಕೊಳ್ಳಲು ಲೂಸಿಯಾನಾ ರಾಜ್ಯ 2003ರಲ್ಲೇ ರಿಕವರಿ ಸ್ಕೂಲ್ ಡಿಸ್ಟ್ರಿಕ್ಟ್ ಅಂತ ಒಂದು ವ್ಯವಸ್ಥೆ ಮಾಡಿತ್ತು. ಚಂಡಮಾರುತದ ನಂತರ, 2005ರ ನವೆಂಬರ್‌ನಲ್ಲಿ, ಶಾಸನಸಭೆ 'ನಪಾಸು' ಅನ್ನುವುದರ ಗೆರೆಯನ್ನೇ ಮೇಲಕ್ಕೆ ಎತ್ತಿತು. ಒಂದೇ ಏಟಿಗೆ ನೂರಕ್ಕೂ ಹೆಚ್ಚು ಶಾಲೆ ರಾಜ್ಯದ ಕೈಗೆ ಹೋದವು. ವಿಲ್ಸನ್ ಕೂಡ. ಸ್ಕೂಲ್ ಬೋರ್ಡಿನ 7 ಸಾವಿರಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆದರು. ಅವರಲ್ಲಿ ಮುಕ್ಕಾಲುವಾಸಿ ಕಪ್ಪು ಜನ, ಅದರಲ್ಲೂ ಮಹಿಳೆಯರು. ಊರಿನ ಮಧ್ಯಮ ವರ್ಗದ ಬೆನ್ನೆಲುಬೇ ಆಗಿದ್ದ ಮೇಷ್ಟ್ರು, ಮೇಡಂಗಳು ಅವರು. ಆ ಗಾಯ ಇವತ್ತಿಗೂ ಪೂರ್ತಿ ಮಾಗಿಲ್ಲ. ಚಾರ್ಟರ್ ಶಾಲೆ ಅಂದರೆ ಆ ಊರಿನ ಕೆಲವರು ಮುಖ ಸಿಂಡರಿಸುವುದು ಇದಕ್ಕೇ.

ವಾಷಿಂಗ್ಟನ್ ಕೂಡ ಒಂದು ಕಡೆಗೇ ತಳ್ಳುತ್ತಿತ್ತು. ಕತ್ರಿನಾ ಆದ ತಿಂಗಳೊಪ್ಪತ್ತಿನಲ್ಲೇ ಕೇಂದ್ರ ಶಿಕ್ಷಣ ಇಲಾಖೆ ಲೂಸಿಯಾನಾಗೆ 2 ಕೋಟಿ 9 ಲಕ್ಷ ಡಾಲರ್ ಘೋಷಿಸಿತು. ಆ ಹಣ ಚಾರ್ಟರ್ ಶಾಲೆಗಳಿಗೆ ಮಾತ್ರ. ಹೀಗಾಗಿ ಬೀಗ ಬಿದ್ದ ವಿಲ್ಸನ್‌ನ ಮುಂದೆ ನಿಂತ ಬ್ರಾಡ್‌ಮೂರ್‌ನವರಿಗೆ ಹೆಚ್ಚು ದಾರಿಗಳೇನೂ ಇರಲಿಲ್ಲ. ರಾಜ್ಯ ಯಾವಾಗಲೋ ತೆರೆಯುತ್ತದೆ ಅಂತ ಕಾಯಬೇಕು, ಇಲ್ಲ ತಾವೇ ಚಾರ್ಟರ್‌ಗೆ ಅರ್ಜಿ ಹಾಕಬೇಕು. ಅವರೇನೂ ಚಾರ್ಟರ್ ಸಿದ್ಧಾಂತಕ್ಕೆ ಮರುಳಾಗಿ ಹೊರಟವರಲ್ಲ. ತೆರೆದಿದ್ದ ಬಾಗಿಲು ಅದೊಂದೇ.

ಅರ್ಜಿ ಅಂದರೆ ಏನು

ಚಾರ್ಟರ್ ಶಾಲೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅದು ಸರಕಾರಿ ಹಣದ ಶಾಲೆ, ಫೀಸಿಲ್ಲ. ನಡೆಸುವುದು ಮಾತ್ರ ಒಂದು ಲಾಭರಹಿತ ಸಂಸ್ಥೆಯ ಆಡಳಿತ ಮಂಡಳಿ. ಆ ಮಂಡಳಿಗೂ ಸರಕಾರಕ್ಕೂ ನಡುವಿನ ಕರಾರೇ ಚಾರ್ಟರ್. ಇಷ್ಟು ವರ್ಷ ನೀವು ನಡೆಸಿ, ಮೇಷ್ಟ್ರನ್ನು ನೀವೇ ನೇಮಿಸಿ, ಹಣ ನೀವೇ ಖರ್ಚು ಮಾಡಿ, ಬದಲಿಗೆ ಮಕ್ಕಳ ಅಂಕ ಇಷ್ಟಕ್ಕೆ ಬರಬೇಕು, ಬರದಿದ್ದರೆ ಕರಾರು ಮುಗಿಯಿತು. ನಮ್ಮ ಸರಕಾರಿ ಶಾಲೆಗಳ ಎಸ್‌ಡಿಎಂಸಿ ಜೊತೆ ಹೋಲಿಸಿದರೆ ಅಂತರ ತಿಳಿಯುತ್ತದೆ. ಎಸ್‌ಡಿಎಂಸಿಯವರು ಕಾಯಂ ಮೇಷ್ಟ್ರನ್ನು ನೇಮಿಸುವಂತಿಲ್ಲ, ಮಕ್ಕಳ ಅಂಕ ಕಡಿಮೆ ಬಂತು ಅಂತ ಅವರ ಕೈಯಿಂದ ಶಾಲೆ ಕಿತ್ತುಕೊಳ್ಳುವವರೂ ಇಲ್ಲ. ಚಾರ್ಟರ್ ಮಂಡಳಿಗೆ ಎರಡೂ ಉಂಟು. ಈ ಪದ್ಧತಿಗೆ ಕಾನೂನು ಮೊದಲು ಬಂದದ್ದು 1991ರಲ್ಲಿ, ಮಿನ್ನೆಸೋಟಾದಲ್ಲಿ. ಲೂಸಿಯಾನಾಗೆ 1995ರಲ್ಲಿ ಬಂತು.

ಕಾಗದದ ಮೇಲೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಆದರೆ ಏನೆಲ್ಲ ಬರೆಯಬೇಕು ನೋಡಿ. ಯಾವ ತರಗತಿಗೆ ಏನು ಕಲಿಸುತ್ತೀರಿ. ಓದು ಹಿಂದುಳಿದ ಮಗುವಿಗೆ ಏನು ಮಾಡುತ್ತೀರಿ. ಅಂಗವಿಕಲ ಮಗು ಬಂದರೆ ಕೇಂದ್ರ ಕಾನೂನಿನ ಪ್ರಕಾರ ಸೌಲಭ್ಯ ಹೇಗೆ ಕೊಡುತ್ತೀರಿ. ಮೊದಲ ವರ್ಷ ಎಷ್ಟು ಮಕ್ಕಳು, ಐದನೇ ವರ್ಷ ಎಷ್ಟು. ಮಕ್ಕಳ ತಲೆಗೆ ಇಷ್ಟು ಅಂತ ಹಣ ಬರುವುದರಿಂದ ಇಡೀ ಬಜೆಟ್ಟು ಆ ಒಂದು ಸಂಖ್ಯೆಯ ಮೇಲೆ ನಿಂತಿರುತ್ತದೆ. ಬಸ್, ಊಟ, ಇನ್ಶೂರೆನ್ಸ್, ಆಡಿಟ್. ಮಂಡಳಿಯಲ್ಲಿ ಯಾರಿದ್ದಾರೆ, ಅವರಲ್ಲಿ ಲೆಕ್ಕ ಗೊತ್ತಿರುವವರು ಯಾರು, ಕಾನೂನು ಗೊತ್ತಿರುವವರು ಯಾರು. ಮಾಮೂಲಿ ದಿನಗಳಲ್ಲೇ ಇದು ಕಷ್ಟ. ಇವರು ಬರೆಯುತ್ತಿದ್ದದ್ದು ತಮ್ಮ ಮನೆಯ ಗೋಡೆ ಇನ್ನೂ ಹಸಿಯಾಗಿರುವಾಗ, ಎಷ್ಟು ಮಕ್ಕಳು ಬರುತ್ತಾರೆ ಅಂತ ಯಾರಿಗೂ ಗೊತ್ತಿಲ್ಲದಾಗ.

ಇದನ್ನು ಪರಿಶೀಲಿಸಲು ರಾಜ್ಯ ಹೊರಗಿನ ಒಂದು ರಾಷ್ಟ್ರೀಯ ಸಂಘಟನೆಗೆ ಕೊಟ್ಟಿತ್ತು. ಅದು ಬಲು ಬಿಗಿ. ಬಂದ ಅರ್ಜಿಗಳಲ್ಲಿ ಬಹುಪಾಲು ಬಿದ್ದುಹೋಗುತ್ತಿದ್ದವು. ಉತ್ಸಾಹ ಇದೆ, ಅನುಭವ ಇಲ್ಲ ಅನ್ನುವ ನಿವಾಸಿ ಗುಂಪುಗಳಿಗೆ ಇದು ದೊಡ್ಡ ಅಡ್ಡಿ. ಹಾಗಾಗಿ ಅನೇಕರು ಅನುಭವವನ್ನು ದುಡ್ಡು ಕೊಟ್ಟು ತಂದರು. ಬ್ರಾಡ್‌ಮೂರ್ ಮಂಡಳಿ ಎಡಿಸನ್ ಸ್ಕೂಲ್ಸ್ ಕಂಪನಿಯ ಜೊತೆ ಕೈಜೋಡಿಸಿತು.

ಎಡಿಸನ್ ಬಗ್ಗೆ ಎರಡು ಮಾತು. 1992ರಲ್ಲಿ ಕ್ರಿಸ್ ವಿಟ್ಲ್ ಶುರು ಮಾಡಿದ, ಸರಕಾರಿ ಶಾಲೆಗಳನ್ನು ನಡೆಸಿಕೊಟ್ಟು ಲಾಭ ಮಾಡುವ ಕಂಪನಿ ಅದು. 1999ರಲ್ಲಿ ಷೇರು ಪೇಟೆಗೂ ಬಂದು, ಷೇರು ನೆಲ ಕಚ್ಚಿದ ಮೇಲೆ 2003ರಲ್ಲಿ ಅಲ್ಲಿಂದ ಹೊರಬಿದ್ದಿತ್ತು. ಫಿಲಡೆಲ್ಫಿಯಾದಲ್ಲಿ ಇಪ್ಪತ್ತು ಶಾಲೆ ತೆಗೆದುಕೊಂಡು ದೊಡ್ಡ ಗಲಾಟೆಯನ್ನೂ ಕಂಡಿತ್ತು. ಬಡಾವಣೆಯ ಜನ ಬಡಾವಣೆಗಾಗಿ ತೆರೆಯುವ ಶಾಲೆಗೆ ಇಂಥ ಕಂಪನಿ ಯಾಕೆ ಅಂತ ಇವತ್ತು ಕೇಳುವುದು ಸುಲಭ. ಆದರೆ ಸಿದ್ಧ ಪಠ್ಯಕ್ರಮ, ನೇಮಕಾತಿ ಮಾಡುವ ಜನ, ಅರ್ಜಿಯಲ್ಲಿ ತೋರಿಸಲು ಹಿಂದಿನ ಶಾಲೆಗಳ ಪಟ್ಟಿ, ಇವೆಲ್ಲ ಇನ್ನೆಲ್ಲಿ ಸಿಗುತ್ತಿತ್ತು? ಬಾಗಿಲು ದಾಟಲು ಕೊಟ್ಟ ಬೆಲೆ ಅದು. ಸಣ್ಣ ಬೆಲೆಯೇನೂ ಅಲ್ಲ. ನಿವಾಸಿಗಳ ಮಂಡಳಿ ತಿಂಗಳಿಗೊಮ್ಮೆ ಸೇರಿ ವರದಿ ಓದುವ ಕಡೆಗೆ ಸರಿದರೆ, ದಿನನಿತ್ಯದ ಶಾಲೆ ಬೇರೆಯವರ ಕೈಯಲ್ಲಿ ಇರುತ್ತದೆ. ಹೊರಗಿನ ಕಂಪನಿಗೆ ವಹಿಸಿದ ಯಾವ ಮಂಡಳಿಗೂ ಈ ಅಪಾಯ ತಪ್ಪಿದ್ದಲ್ಲ.

ಚಾರ್ಟರ್ ಸಿಕ್ಕಿತು. 2007ರಲ್ಲಿ ವಿಲ್ಸನ್ ಶಾಲೆ ಬೇರೆ ಕಡೆ ತಾತ್ಕಾಲಿಕ ಜಾಗದಲ್ಲಿ ಶುರುವಾಯಿತು. ಕಿಂಡರ್‌ಗಾರ್ಟನ್‌ನಿಂದ ಎಂಟನೇ ಕ್ಲಾಸಿನವರೆಗೆ. ಹಳೆಯ ಕಟ್ಟಡವನ್ನು ರಾಜ್ಯ ತನ್ನ 'ಕ್ವಿಕ್ ಸ್ಟಾರ್ಟ್' ಪಟ್ಟಿಗೆ ಸೇರಿಸಿಕೊಂಡಿತು. ಬೇಗ ಕಟ್ಟಿ ಮುಗಿಸಬೇಕಾದ ಕೆಲವೇ ಶಾಲೆಗಳ ಪಟ್ಟಿ ಅದು. ಇಷ್ಟು ಮುರಿದುಬಿದ್ದ ಊರಿನಲ್ಲಿ ಆ ಪಟ್ಟಿಗೆ ಸೇರುವುದು ಸಣ್ಣ ಮಾತಲ್ಲ. ಸಂಘದವರು ಪಟ್ಟಿ, ನಕ್ಷೆ, ಯೋಜನೆ ಹಿಡಿದು ಓಡಾಡಿದ್ದು ಸುಮ್ನೆ ಹೋಗಲಿಲ್ಲ. ಹಳೆ ಇಟ್ಟಿಗೆ ಕಟ್ಟಡವನ್ನು ಉಳಿಸಿಕೊಂಡು, ಪಕ್ಕದಲ್ಲಿ ಹೊಸದು ಸೇರಿಸಿ, 2010ರ ಜನವರಿಯಲ್ಲಿ ಮಕ್ಕಳು ಜನರಲ್ ಪರ್ಷಿಂಗ್ ಬೀದಿಗೆ ವಾಪಸ್ ಬಂದರು. ಹಸಿರು ಚುಕ್ಕೆ ಇಟ್ಟು ನಾಲ್ಕು ವರ್ಷವಾಗಿತ್ತು.

ಅದೇ ಊರಿನ ಲೋಯರ್ ನೈಂತ್ ವಾರ್ಡ್‌ನಲ್ಲಿ ಇದಕ್ಕಿಂತ ಬೇರೆ ರೀತಿ ನಡೆಯಿತು. ಅಲ್ಲಿಯ ಡಾ. ಮಾರ್ಟಿನ್ ಲೂಥರ್ ಕಿಂಗ್ ಶಾಲೆಯ ಮುಖ್ಯೋಪಾಧ್ಯಾಯಿನಿ ಡೋರಿಸ್ ಹಿಕ್ಸ್ ಮತ್ತು ಹಳೆಯ ಶಿಕ್ಷಕರು ತಾವೇ ಚಾರ್ಟರ್ ತಂದರು. ಕೆಸರು ತುಂಬಿದ ಶಾಲೆಯನ್ನು ತೊಳೆಯಲು ಸ್ವಯಂಸೇವಕರು ಅಪ್ಪಣೆಗೆ ಕಾಯದೆ ಇಳಿದಾಗ ಪೊಲೀಸರು ತಡೆದದ್ದೂ ಉಂಟು. 2007ರಲ್ಲಿ ಆ ಶಾಲೆಯೂ ತನ್ನ ವಾರ್ಡಿಗೆ ಮರಳಿತು. ಅಲ್ಲಿ ಶಾಲೆಯೇ ಜನರನ್ನು ಸಂಘಟಿಸಿತು. ಬ್ರಾಡ್‌ಮೂರ್‌ನಲ್ಲಿ ಸಂಘಟನೆ ಶಾಲೆಯನ್ನು ಹುಡುಕಿಕೊಂಡು ಹೋಯಿತು. ಇದು ದೊಡ್ಡ ವ್ಯತ್ಯಾಸ. ಮೇಷ್ಟ್ರು ಮುಂದೆ ನಿಂತ ಕಡೆ ಕ್ಲಾಸ್‌ರೂಮಿನ ಒಳಗೆ ಏನಾಗಬೇಕು ಅಂತ ಮೊದಲೇ ಗೊತ್ತಿತ್ತು. ಬ್ರಾಡ್‌ಮೂರ್‌ನವರಿಗೆ ಮನೆ, ರಸ್ತೆ, ಸರಕಾರ, ಹಣ ಎಲ್ಲ ಗೊತ್ತಿತ್ತು, ಕ್ಲಾಸ್‌ರೂಮ್ ಒಂದನ್ನು ಹೊರಗಿನಿಂದ ತರಬೇಕಾಯಿತು.

ಯಾರ ಶಾಲೆ?

ಇಲ್ಲಿಂದ ಮುಂದೆ ಕಥೆ ಸ್ವಲ್ಪ ಕಹಿ.

ಬಡಾವಣೆಯ ಜನ ಹೋರಾಡಿ ತಂದ ಶಾಲೆ ಅಂದ ಮೇಲೆ ಬಡಾವಣೆಯ ಮಕ್ಕಳಿಗೆ ಸೀಟು ಗ್ಯಾರಂಟಿ ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಹಾಗೆ ಇರಲಿಲ್ಲ. ರಾಜ್ಯದ ಕೈಗೆ ಹೋದ ಶಾಲೆಗಳಿಗೆಲ್ಲ ಇಡೀ ಊರೇ ವ್ಯಾಪ್ತಿ. ಯಾವ ಮೂಲೆಯ ಮಗುವೂ ಯಾವ ಶಾಲೆಗೂ ಅರ್ಜಿ ಹಾಕಬಹುದು. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ. ಮಕ್ಕಳನ್ನು ಹೊತ್ತ ಹಳದಿ ಬಸ್ಸುಗಳು ಬೆಳಗಾಗೆದ್ದು ಊರಿನ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದವು. 2012ರಲ್ಲಿ 'ಒನ್‌ಆ್ಯಪ್' ಅನ್ನುವ ಒಂದೇ ಅರ್ಜಿ ಬಂತು. ತಂದೆ ತಾಯಿ ಇಷ್ಟದ ಶಾಲೆಗಳನ್ನು ಒಂದರ ಕೆಳಗೊಂದು ಬರೆದುಕೊಡಬೇಕು, ಕಂಪ್ಯೂಟರ್ ಸೀಟು ಹಂಚುತ್ತದೆ. ಹತ್ತಿರದವರಿಗೆ ಕೆಲವು ಸೀಟುಗಳಲ್ಲಿ ಆದ್ಯತೆ ಬಂತಾದರೂ ಎಲ್ಲ ಸೀಟು ಅಲ್ಲ.

ಈ ನಿಯಮದಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಯಾವ ಬೀದಿಯಲ್ಲಿ ಮನೆ ಸಿಗುತ್ತದೆ ಅನ್ನುವುದನ್ನು ತಲೆತಲಾಂತರದಿಂದ ನಿರ್ಧರಿಸಿದ್ದು ಬಣ್ಣ ಮತ್ತು ದುಡ್ಡು. ಮನೆ ವಿಳಾಸಕ್ಕೇ ಶಾಲೆಯನ್ನು ಕಟ್ಟಿಹಾಕಿದರೆ ಒಳ್ಳೆಯ ಬೀದಿಯವರಿಗೆ ಒಳ್ಳೆಯ ಶಾಲೆ, ಉಳಿದವರಿಗೆ ಉಳಿದದ್ದು. ಜೊತೆಗೆ ನೆನಪಿಡಬೇಕಾದ ಇನ್ನೊಂದು ಮಾತಿದೆ. ಬ್ರಾಡ್‌ಮೂರ್‌ನಲ್ಲಿ ವಾಪಸ್ ಬರಲು ಸುಲಭವಾದದ್ದು ಸ್ವಂತ ಮನೆ ಇದ್ದವರಿಗೆ. ಬಾಡಿಗೆಗೆ ಇದ್ದವರು, ಅಂದರೆ ಹಳೆಯ ವಿಲ್ಸನ್‌ಗೆ ನಿಜವಾಗಿ ಮಕ್ಕಳನ್ನು ಕಳಿಸುತ್ತಿದ್ದವರಲ್ಲಿ ಬಹಳಷ್ಟು ಜನ, ಎಲ್ಲೆಲ್ಲೋ ನೆಲೆಸಿದ್ದರು. ಕತ್ರಿನಾ ನಂತರ ಊರಿನ ಬಾಡಿಗೆಯೂ ಏರಿತ್ತು. ಸೀಟನ್ನು ಬಡಾವಣೆಗೇ ಮೀಸಲಿಟ್ಟಿದ್ದರೆ ಆ ಮಕ್ಕಳು ಪೂರ್ತಿ ಹೊರಗುಳಿಯುತ್ತಿದ್ದರು.

ಆದರೂ ನಿಯಮದ ಫಲ ಏನು? ಶಾಲೆ ತೆರೆಯಲು ದುಡಿದ ಬೀದಿಗೂ ಶಾಲೆಯಲ್ಲಿ ಕೂತ ಮಕ್ಕಳಿಗೂ ನಂಟು ಸಡಿಲವಾಯಿತು. ಬೀದಿಯ ಜನಕ್ಕೆ ಮಂಡಳಿಯಲ್ಲಿ ಕುರ್ಚಿ ಇತ್ತು, ಕ್ಲಾಸಿನಲ್ಲಿ ತಮ್ಮ ಮಗು ಇರಬೇಕೆಂದೇನೂ ಇರಲಿಲ್ಲ. ಮಗು ಇದ್ದವರು ಹತ್ತು ಕಿಲೋಮೀಟರ್ ಆಚೆ ಇರಬಹುದು, ಸಂಜೆಯ ಮೀಟಿಂಗಿಗೆ ಬರಲು ಅವರಿಗೆ ಕಾರಿಲ್ಲದಿರಬಹುದು. ಅನುಕೂಲಸ್ಥ ಮನೆಗಳವರು ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವ ರೂಢಿಯೂ ಊರಿನಲ್ಲಿ ಗಟ್ಟಿಯಾಗಿಯೇ ಉಳಿಯಿತು. ಶಾಲೆಯ ಕಟ್ಟಡ ಬಡಾವಣೆಯ ಹೆಮ್ಮೆಯಾಯಿತು. ಶಾಲೆಯ ಕಷ್ಟ ಬಡಾವಣೆಯ ಕಷ್ಟವಾಯಿತು ಅಂತ ಹೇಳಲು ನನಗೆ ಧೈರ್ಯ ಸಾಲದು.

ಮತ್ತೆ ಅಂಕದ ಗಡುವು. ಚಾರ್ಟರ್ ಅಂದರೆ ಕರಾರು ಅಂತ ಆಗಲೇ ಹೇಳಿದೆ. ಪ್ರತಿ ಶಾಲೆಗೂ ರಾಜ್ಯ ವರ್ಷ ವರ್ಷ ಗ್ರೇಡ್ ಕೊಡುತ್ತದೆ, ಮುಖ್ಯವಾಗಿ ಪರೀಕ್ಷೆ ಅಂಕದ ಮೇಲೆ. ಅವಧಿ ಮುಗಿಯುವಾಗ ಗ್ರೇಡ್ ಸಾಲದಿದ್ದರೆ ನವೀಕರಣ ಇಲ್ಲ. ಒಂದೋ ಶಾಲೆ ಮುಚ್ಚುತ್ತಾರೆ, ಇಲ್ಲ ಇನ್ನೊಂದು ಸಂಸ್ಥೆಗೆ ಕೊಡುತ್ತಾರೆ. ಕತ್ರಿನಾ ನಂತರದ ನ್ಯೂ ಆರ್ಲಿಯನ್ಸ್ ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ ಅಮೆರಿಕದ ಬೇರೆ ಊರುಗಳಿಂದ ಜನ ಬಂದು ನೋಡಿ ಹೋಗುತ್ತಿದ್ದರು. ಟುಲೇನ್ ವಿಶ್ವವಿದ್ಯಾಲಯದ ಡಗ್ಲಸ್ ಹ್ಯಾರಿಸ್ ಮತ್ತು ಅವರ ತಂಡದ ಅಧ್ಯಯನದ ಪ್ರಕಾರ ಊರಿನ ಒಟ್ಟಾರೆ ಅಂಕಗಳು ಮೊದಲಿಗಿಂತ ಚೆನ್ನಾಗಿ ಏರಿದವು. ಕೆಟ್ಟದಾಗಿ ನಡೆಯುತ್ತಿದ್ದ ಶಾಲೆಗಳನ್ನು ಮುಚ್ಚಿದ್ದು, ಬೇರೆಯವರ ಕೈಗೆ ಕೊಟ್ಟದ್ದು ಅದಕ್ಕೆ ಒಂದು ಕಾರಣ ಅನ್ನುತ್ತದೆ ಅವರ ವಿಶ್ಲೇಷಣೆ. ಊರಿನ ಸರಾಸರಿ ನೋಡುವವರಿಗೆ ಇದು ಯಶಸ್ಸು. ಕೈ ಬದಲಾಗುವ ಆ ಒಂದು ಶಾಲೆಯಲ್ಲಿ ಕೂತ ಮಗುವಿಗೆ ಮೇಷ್ಟ್ರು, ಯೂನಿಫಾರ್ಮು, ನಿಯಮ ಎಲ್ಲ ಒಂದೇ ಬೇಸಿಗೆಯಲ್ಲಿ ಬೇರೆ.

ವಿಲ್ಸನ್‌ನ ಅಂಕಗಳು ಮೇಲೇಳಲು ಒದ್ದಾಡಿದವು. ಹೊಳೆಯುವ ಹೊಸ ಕಟ್ಟಡ, ಸುತ್ತ ಜಗತ್ತೇ ಹೊಗಳಿದ ಬಡಾವಣೆ. ಅಂಕಕ್ಕೆ ಇದ್ಯಾವುದೂ ನೆರವಾಗಲಿಲ್ಲ. ಕೊನೆಗೆ ಬ್ರಾಡ್‌ಮೂರ್ ಮಂಡಳಿಯ ಚಾರ್ಟರ್ ನವೀಕರಣ ಆಗಲಿಲ್ಲ. 2015ರಲ್ಲಿ ಶಾಲೆಯನ್ನು ಇನ್‌ಸ್ಪೈರ್‌ನೋಲಾ ಎಂಬ ಸಂಸ್ಥೆಗೆ ವಹಿಸಿದರು. ನದಿಯಾಚೆಯ ಅಲ್ಜಿಯರ್ಸ್‌ನಲ್ಲಿ ಆಲಿಸ್ ಹಾರ್ಟ್, ಎಡ್ನಾ ಕಾರ್ ಎಂಬ ಎರಡು ಹೆಸರುವಾಸಿ ಶಾಲೆ ನಡೆಸುತ್ತಿದ್ದ ಸಂಸ್ಥೆ ಅದು. ಮಿಸಿಸಿಪ್ಪಿ ದಾಟಿ ಬಂದವರು ಒಳಗೆ ಹೋದರು, ಬೀದಿಯವರು ಹೊರಗೆ ಬಂದರು.

ಎಲ್ಲಿ ಗೆದ್ದರು, ಎಲ್ಲಿ ಸಿಕ್ಕಿಬಿದ್ದರು

ಈ ಪ್ರಕರಣವನ್ನು ಸೋಲು ಅನ್ನಲು ನಾನು ಒಪ್ಪುವುದಿಲ್ಲ. ಬೀಗ ಹಾಕಿದ್ದ ಶಾಲೆ ತೆರೆಯಿತು. ಕಟ್ಟಡ ಬಂತು. ಇವರು ಹೋರಾಡದಿದ್ದರೆ ಆ ಹಣ ಇನ್ನೆಲ್ಲಿಗೋ ಹೋಗುತ್ತಿತ್ತು. ಶಾಲೆ ಬರುತ್ತದೆ ಅನ್ನುವ ಭರವಸೆಯೇ ಎಷ್ಟೋ ಮನೆಯವರಿಗೆ ಗೋಡೆ ಕೆರೆದು ಬಣ್ಣ ಹಚ್ಚಲು ಧೈರ್ಯ ಕೊಟ್ಟಿತು. ಬಡಾವಣೆ ಉಳಿಸಿಕೊಳ್ಳುವುದಕ್ಕೆ ಶಾಲೆ ಬೇಕಿತ್ತು, ಆ ಕೆಲಸ ಶಾಲೆ ಮಾಡಿಕೊಟ್ಟಿತು.

ಎಡವಿದ್ದು ಎಲ್ಲಿ ಅಂದರೆ, ಶಾಲೆಯನ್ನು ಅವರು ಮೊದಲು ಒಂದು ಪುರಾವೆಯಾಗಿ ಕಟ್ಟಿದರು. ನಾವಿದ್ದೇವೆ ಅನ್ನುವುದಕ್ಕೆ ಪುರಾವೆ. ಪುರಾವೆಯ ಕೆಲಸ ಬಾಗಿಲು ತೆರೆದ ದಿನಕ್ಕೆ ಮುಗಿಯುತ್ತದೆ. ಓದಿಸುವ ಕೆಲಸ ಅವತ್ತು ಶುರುವಾಗುತ್ತದೆ, ಮತ್ತು ಅದಕ್ಕೆ ಬೇರೆಯೇ ಜನ ಬೇಕು. ಸರಕಾರದ ಜೊತೆ ಗುದ್ದಾಡಿ ಗೆಲ್ಲುವವರು, ದೇಣಿಗೆ ತರುವವರು, ಯೋಜನೆ ಬರೆಯುವವರು ಸಂಘದಲ್ಲಿ ಬೇಕಾದಷ್ಟು ಇದ್ದರು. ಮೂರನೇ ಕ್ಲಾಸಿನ ಮಗು ಓದಲು ಯಾಕೆ ತಡವರಿಸುತ್ತಿದೆ, ಆ ಮೇಷ್ಟ್ರಿಗೆ ಏನು ಸಹಾಯ ಬೇಕು ಅಂತ ಮುಖ್ಯೋಪಾಧ್ಯಾಯರನ್ನು ಕೂರಿಸಿ ಕೇಳಬಲ್ಲವರು ಮಂಡಳಿಯಲ್ಲಿ ಬೇಕು. ಮಕ್ಕಳ ತಂದೆ ತಾಯಿ ಬೇಕು, ಅವರು ಯಾವ ಬೀದಿಯವರೇ ಆಗಿರಲಿ. ಊರಿನಲ್ಲಿ ಅನುಭವಿ ಮೇಷ್ಟ್ರುಗಳು ಸಾವಿರಗಟ್ಟಲೆ ಕೆಲಸ ಕಳೆದುಕೊಂಡು ಕೂತಿದ್ದ ಹೊತ್ತಿನಲ್ಲೇ ಹೊಸ ಮಂಡಳಿಗಳು ಪರಿಣತಿಗಾಗಿ ಹೊರಗಿನ ಕಂಪನಿಗಳ ಬಾಗಿಲು ತಟ್ಟುತ್ತಿದ್ದವು. ಆ ಕಾಲದ ಎಲ್ಲ ವಿಪರ್ಯಾಸಗಳಲ್ಲಿ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಅವರ ಕೈಯಲ್ಲಿ ಇರಲೇ ಇಲ್ಲ. ಚಾರ್ಟರ್ ಪದ್ಧತಿ ನಿವಾಸಿಗಳಿಗೆ ಶಾಲೆ ತೆರೆಯುವ ಅವಕಾಶ ಕೊಡುತ್ತದೆ. ತಮ್ಮ ಮಕ್ಕಳಿಗೆ ಸೀಟು, ಶಾಲೆಯನ್ನು ಉಳಿಸಿಕೊಳ್ಳುವ ಹಕ್ಕು, ಇವೆರಡೂ ಕರಾರಿನ ಬರವಣಿಗೆಗೆ, ಕರಾರು ಕೊಡುವವರ ನಿಯಮಕ್ಕೆ ಬಿಟ್ಟದ್ದು. ಹೊರಡುವ ಮುಂಚೆ ಆ ನಿಯಮವನ್ನು ಓದಿಕೊಂಡೇ ಹೊರಡಬೇಕು. ಪ್ರವೇಶದಲ್ಲಿ ಹತ್ತಿರದವರಿಗೆ ಎಷ್ಟು ಪಾಲು, ಅಂಕದ ಗೆರೆ ಎಲ್ಲಿದೆ, ಎಷ್ಟು ವರ್ಷಕ್ಕೆ ಪರೀಕ್ಷೆ, ನಡೆಸುವ ಕಂಪನಿಯನ್ನು ಬದಲಿಸಬೇಕೆನಿಸಿದರೆ ದಾರಿ ಇದೆಯೋ ಇಲ್ಲವೋ.

ಗ್ರಂಥಾಲಯದ ಕಡೆ ಬೇರೆ ಥರ ಆಯಿತು. ಕಾರ್ನೆಗಿ ಕಾರ್ಪೊರೇಷನ್ 20 ಲಕ್ಷ ಡಾಲರ್ ಕೊಟ್ಟಿತು, ಸರಕಾರದ ಹಣವೂ ಸೇರಿತು, 2012ರಲ್ಲಿ ಕೆಲ್ಲರ್ ಗ್ರಂಥಾಲಯ ಸಮುದಾಯ ಭವನದ ಜೊತೆಗೆ ಮತ್ತೆ ತೆರೆಯಿತು. ಭವನದ ಕಾರ್ಯಕ್ರಮಗಳನ್ನು ನಿವಾಸಿಗಳ ಸಂಘವೇ ನೋಡಿಕೊಂಡಿತು. ಅಲ್ಲಿ ಅಂಕದ ಗೆರೆ ಇರಲಿಲ್ಲ.

ಊರಿನ ಶಾಲಾ ವ್ಯವಸ್ಥೆಯೂ ಆಮೇಲೆ ಮಗ್ಗುಲು ಬದಲಿಸಿತು. 2018ರ ಜುಲೈನಲ್ಲಿ ರಾಜ್ಯ ತನ್ನ ಕೈಯಲ್ಲಿದ್ದ ಶಾಲೆಗಳನ್ನೆಲ್ಲ ಚುನಾಯಿತ ಸ್ಕೂಲ್ ಬೋರ್ಡಿಗೆ ವಾಪಸ್ ಕೊಟ್ಟಿತು. ಆದರೆ ಶಾಲೆಗಳು ಚಾರ್ಟರ್ ಆಗಿಯೇ ಉಳಿದವು. ಬೋರ್ಡಿನ ಕೆಲಸ ಕರಾರು ಕೊಡುವುದು, ಕರಾರು ಕಿತ್ತುಕೊಳ್ಳುವುದು ಅಷ್ಟೇ ಆಯಿತು. 2019ರಿಂದ ಕೆಲವು ವರ್ಷ ಇಡೀ ಊರಿನಲ್ಲಿ ಬೋರ್ಡು ತಾನೇ ನಡೆಸುವ ಒಂದೂ ಶಾಲೆ ಇರಲಿಲ್ಲ. 2024ರ ಆಗಸ್ಟ್‌ನಲ್ಲಿ ಬೋರ್ಡು ಲಿಯಾ ಚೇಸ್ ಹೆಸರಿನಲ್ಲಿ, ಆ ಊರಿನ ಪ್ರಸಿದ್ಧ ಬಾಣಸಿಗ ಅಜ್ಜಿ ಅವರು, ತನ್ನದೇ ಒಂದು ಶಾಲೆ ತೆರೆಯಿತು. ಅದಕ್ಕೆ ಕರಾರಿಲ್ಲ, ನಡುವೆ ಇನ್ನೊಂದು ಮಂಡಳಿಯೂ ಇಲ್ಲ. ಶಾಲೆ ಚೆನ್ನಾಗಿ ನಡೆಯದಿದ್ದರೆ ಜನ ಕೇಳಬೇಕಾದದ್ದು ತಾವು ವೋಟು ಹಾಕಿ ಆರಿಸಿದವರನ್ನೇ.